ನಸುಗುನ್ನಿಯ ಬೀಜ ಮತ್ತು ಪಂಡಿತರ ಕೈಬರಹ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಅವನ ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ವೈದ್ಯರು ತಿಳಿಸಿದ್ದಾರಂತೆ. "ಸರ್, ನಸುಗುನ್ನಿ ಬೀಜದ ಪುಡಿ ತೆಗೆದುಕೊಂಡರೆ ಈ ಕಾಯಿಲೆ ಮುಂದುವರಿಯದೆ ಅಲ್ಲಿಗೇ ನಿಲ್ಲುತ್ತದೆಂದು ಮೊಬೈಲಿನಲ್ಲಿ ಓದಿದೆ. ಮಾತ್ರೆ ನಿಲ್ಲಿಸಿ ಅದನ್ನೇ ಕೊಡಬಹುದೇ? ನೀವು ಜೀವಶಾಸ್ತ್ರ ಪಾಠ ಹೇಳಿದವರು, ನಿಮಗೆ ಗೊತ್ತಿರಬೇಕಲ್ಲ" ಎಂದು ಕೇಳಿದ. ಅವನಿಗೆ ಅಂದು ಹೇಳಿದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಇದೇ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕೊಟ್ಟು, ಅದರ ಫಲವನ್ನು ಕಣ್ಣಾರೆ ಕಂಡವನು.

ನಸುಗುನ್ನಿಯ ಪರಿಚಯ ನನಗೆ ಆದದ್ದು ಪುಸ್ತಕದಿಂದಲ್ಲ. ನಾನು ಪ್ರೌಢಶಾಲೆಗೆ ಸೇರಿದ ಮೂರನೆಯ ವರ್ಷ, 1986ರ ಚಳಿಗಾಲವಿರಬೇಕು. ಒಂಬತ್ತನೆಯ ತರಗತಿಯ ಹುಡುಗರು ನನ್ನ ಕುರ್ಚಿಯ ಮೇಲೆ ನಸುಗುನ್ನಿ ಕಾಯಿಯ ರೋಮವನ್ನು ಉದುರಿಸಿಟ್ಟಿದ್ದರು. ಕುಳಿತ ಎರಡೇ ನಿಮಿಷಕ್ಕೆ ಆರಂಭವಾದ ಆ ತುರಿಕೆಯನ್ನು ವರ್ಣಿಸುವುದು ಬೇಡ. ಶಿಕ್ಷಕರ ಕೊಠಡಿಗೆ ಓಡಿಬಂದ ನನ್ನನ್ನು ಕಂಡು ನಮ್ಮ ಕನ್ನಡ ಪಂಡಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಮ್ಮ ಎಂದಿನ ರೀತಿಯಲ್ಲಿ ಪದದ ವಿವರಣೆಗೆ ತೊಡಗಿದರು. "ಮೇಷ್ಟ್ರೇ, ಇದಕ್ಕೆ ಸಂಸ್ಕೃತದಲ್ಲಿ ಕಪಿಕಚ್ಛು ಎನ್ನುತ್ತಾರೆ, ಕೋತಿಗೂ ತುರಿಕೆ ತರಿಸುವಂಥದ್ದು. ಇನ್ನೊಂದು ಹೆಸರು ಆತ್ಮಗುಪ್ತಾ, ಅಂದರೆ ತನ್ನನ್ನು ತಾನೇ ಕಾಪಾಡಿಕೊಳ್ಳುವುದು. ಬೀಜ ಬಹಳ ಬೆಲೆಯುಳ್ಳದ್ದು, ಅದಕ್ಕೇ ಈ ಕಾವಲು" ಎಂದರು.

ಆ ಪಂಡಿತರ ಕೈಬರಹ ನಮ್ಮ ತಾಲ್ಲೂಕಿಗೆಲ್ಲ ಹೆಸರಾಗಿತ್ತು. ಕರಿಹಲಗೆಯ ಮೇಲೆ ಅವರು ಬರೆದ ಪದ್ಯವನ್ನು ಅಳಿಸಲು ಮುಂದಿನ ಅವಧಿಯ ಶಿಕ್ಷಕರಿಗೂ ಮನಸ್ಸು ಬರುತ್ತಿರಲಿಲ್ಲ. ಶಾಲೆಯ ಸನ್ಮಾನ ಪತ್ರಗಳು, ಊರಿನ ಮದುವೆಯ ಆಮಂತ್ರಣಗಳ ಮೇಲಿನ ವಿಳಾಸಗಳು ಎಲ್ಲವೂ ಅವರ ಕೈಯಿಂದಲೇ ಆಗಬೇಕಿತ್ತು. 2004ರ ಸುಮಾರಿಗೆ ಹಿಂದಿನ ಬೆಂಚಿನ ಹುಡುಗರು, "ಪಂಡಿತರು ಬರೆದದ್ದು ಕಾಣಿಸುವುದಿಲ್ಲ ಸರ್" ಎಂದು ನನ್ನ ಬಳಿ ದೂರತೊಡಗಿದರು. ಹೋಗಿ ನೋಡಿದೆ. ಸಾಲಿನ ಆರಂಭದಲ್ಲಿ ಅಕ್ಷರ ಅಂಗೈಯಷ್ಟು ದೊಡ್ಡದಾಗಿದ್ದು, ಸಾಲು ಮುಗಿಯುವ ವೇಳೆಗೆ ಕಡಲೆಕಾಳಿನಷ್ಟಾಗುತ್ತಿತ್ತು. ಕನ್ನಡಕ ಬದಲಿಸಿಕೊಳ್ಳಲು ಹೇಳಿದೆವು. ಅನಂತರ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸುಮ್ಮನೆ ಕುಳಿತಾಗಲೂ ಒಂದರ ಮೇಲೊಂದು ಉಜ್ಜಾಡಲು ಮೊದಲಾಯಿತು. ಹುಡುಗರು, "ಪಂಡಿತರು ಜಪ ಮಾಡುತ್ತಿದ್ದಾರೆ" ಎಂದು ಭಾವಿಸಿದರು. ಮರುವರ್ಷ ಬೆಂಗಳೂರಿನ ನರರೋಗ ತಜ್ಞರೊಬ್ಬರು ಅದಕ್ಕೆ ಪಾರ್ಕಿನ್ಸನ್ ಕಾಯಿಲೆಯೆಂದು ಹೆಸರಿಟ್ಟರು. ಅಕ್ಷರ ಚಿಕ್ಕದಾಗುತ್ತ ಹೋಗುವುದು ಈ ಕಾಯಿಲೆಯ ಒಂದು ಪ್ರಸಿದ್ಧ ಲಕ್ಷಣವೆಂಬುದು ನಮಗೆ ಆಗಲೇ ತಿಳಿದದ್ದು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿ ರೋಗಿಗಳನ್ನು ಗಮನಿಸಿ ಈ ಕಾಯಿಲೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ನಮ್ಮಲ್ಲಿ ಕಂಪವಾತವೆಂದು ಹೇಳುವ ಲಕ್ಷಣಗಳಿಗೂ ಅದಕ್ಕೂ ಬಹಳ ಹೋಲಿಕೆಯಿದೆ. ಮಿದುಳಿನ ಬುಡಭಾಗದಲ್ಲಿ ಕಪ್ಪು ಛಾಯೆಯ ಒಂದು ಸಣ್ಣ ಪ್ರದೇಶವಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ನಾವು ಯೋಚಿಸದೆಯೇ ಕೈ ಬೀಸಿ ನಡೆಯುವುದು, ಮಗ್ಗುಲು ಬದಲಿಸುವುದು, ಮುಗುಳ್ನಗುವುದು, ಬರೆಯುವುದು ಎಲ್ಲವೂ ಸರಾಗವಾಗಿ ನಡೆಯಲು ಈ ಡೋಪಮಿನ್ ಬೇಕು. ಆ ಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವುದೇ ಈ ಕಾಯಿಲೆ. ನಡುಕ, ಬಿಗಿತ, ನಿಧಾನಗತಿ ಹೊರಗೆ ಕಾಣಿಸಿಕೊಳ್ಳುವ ವೇಳೆಗೆ ಬಹುಪಾಲು ಕೋಶಗಳು ಆಗಲೇ ಹಾಳಾಗಿರುತ್ತವೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದು ಮತ್ತೆ ಬರುತ್ತದೆ.

ಪಂಡಿತರಿಗೆ ವೈದ್ಯರು ಲೆವೊಡೋಪ ಎಂಬ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ಕೊಟ್ಟರು. ಮೂರೇ ವಾರಗಳಲ್ಲಿ ಅವರು ತಾವೇ ಅಂಗಿಯ ಗುಂಡಿ ಹಾಕಿಕೊಳ್ಳುವಂತಾದರು. ಹೀಗೆ ನಾಲ್ಕೈದು ವರ್ಷ ನಡೆಯಿತು. ಅನಂತರ ಮಾತ್ರೆಯ ಪ್ರಭಾವ ಬೇಗ ಇಳಿಯತೊಡಗಿತು, ಪ್ರಮಾಣ ಹೆಚ್ಚಿಸಬೇಕಾಯಿತು. ಆಗ, 2010ರಲ್ಲಿ, ಒಂದು ಪತ್ರಿಕೆಯಲ್ಲಿ ನಾನು ಜಾಹೀರಾತನ್ನು ಕಂಡೆ. ನಸುಗುನ್ನಿಯ ಬೀಜ, ಬ್ರಾಹ್ಮಿ, ಅಶ್ವಗಂಧ ಸೇರಿಸಿದ ಪುಡಿ. ನರಗಳನ್ನು ರಕ್ಷಿಸುತ್ತದೆ, ಕಾಯಿಲೆಯನ್ನು ಬೇರುಸಹಿತ ಕೀಳುತ್ತದೆ, ಅಡ್ಡಪರಿಣಾಮವಿಲ್ಲ ಎಂದಿತ್ತು. ಜೀವಶಾಸ್ತ್ರ ಓದಿದ ನನಗೆ ನಸುಗುನ್ನಿಯಲ್ಲಿ ಲೆವೊಡೋಪವೇ ಇರುವುದು ತಿಳಿದಿತ್ತು. ಆ ಅರ್ಧ ತಿಳಿವಳಿಕೆಯೇ ಮುಳುವಾಯಿತು. "ಪಂಡಿತರೇ, ಮಾತ್ರೆಯಲ್ಲಿರುವುದೂ ಅದೇ, ಪುಡಿಯಲ್ಲಿರುವುದೂ ಅದೇ. ಇದಾದರೆ ನಮ್ಮ ನೆಲದ್ದು, ಜೊತೆಗೆ ನರವನ್ನೂ ಕಾಪಾಡುತ್ತದೆ" ಎಂದು ಹೇಳಿ ನಾನೇ ಹಣ ತೆತ್ತು ಆರು ಡಬ್ಬಿಗಳನ್ನು ತರಿಸಿಕೊಟ್ಟೆ. ಅವರು ನನ್ನ ಮಾತನ್ನು ನಂಬಿ ಮಾತ್ರೆಯನ್ನು ಪೂರ್ಣವಾಗಿ ಬಿಟ್ಟರು.

ನಾಲ್ಕನೆಯ ದಿನ ಅವರ ಮನೆಯಾಕೆ ಫೋನ್ ಮಾಡಿದರು. "ಮೇಷ್ಟ್ರೇ, ಇವರು ಹಾಸಿಗೆಯಲ್ಲಿ ಮಗ್ಗುಲಾಗುತ್ತಿಲ್ಲ, ಮಾತೂ ಹೊರಡುತ್ತಿಲ್ಲ, ಮೈ ಕಾದಿದೆ" ಎಂದರು. ನಾನು ಹೋಗುವಷ್ಟರಲ್ಲಿ ಅವರು ಮರದ ಕೊರಡಿನಂತೆ ಬಿಗಿದುಹೋಗಿದ್ದರು. ಅದರ ಹಿಂದಿನ ರಾತ್ರಿ ಬಚ್ಚಲುಮನೆಯಲ್ಲಿ ಬಿದ್ದು ಬಲಗೈಯ ಮಣಿಕಟ್ಟು ಮುರಿದಿತ್ತು. ಲೆವೊಡೋಪವನ್ನು ಹಠಾತ್ತನೆ ನಿಲ್ಲಿಸಿದರೆ ಹೀಗೆ ಸೆಡೆತ ಮತ್ತು ಜ್ವರ ಬಂದು ಪ್ರಾಣಕ್ಕೇ ಅಪಾಯವಾಗಬಹುದೆಂದು ಆಸ್ಪತ್ರೆಯಲ್ಲಿ ತಿಳಿಯಿತು. ತಜ್ಞರು ನನ್ನ ಮೇಲೆ ರೇಗಲಿಲ್ಲ. ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಮೇಷ್ಟ್ರೇ, ಈ ಗಿಡವನ್ನು ನಾನು ಹೀಗಳೆಯುವುದಿಲ್ಲ. ಆದರೆ ಒಂದು ಚಮಚ ಪುಡಿಯಲ್ಲಿ ಲೆವೊಡೋಪ ಎಷ್ಟಿದೆಯೆಂದು ಇದರ ಮೇಲೆ ಎಲ್ಲಿ ಬರೆದಿದೆ, ತೋರಿಸಿ" ಎಂದರು. ಎಲ್ಲಿಯೂ ಬರೆದಿರಲಿಲ್ಲ. ಪ್ರಯೋಗಾಲಯದಲ್ಲಿ ಮಕ್ಕಳಿಗೆ, "ಅಳತೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ" ಎಂದು ಇಪ್ಪತ್ತಾರು ವರ್ಷ ಹೇಳಿದವನು ನಾನು!

ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿದಂತೆಲ್ಲ ಗಿಡಗಳ ಬಗೆಗಿನ ನನ್ನ ಗೌರವ ಹೆಚ್ಚಿತು. ಗಿಡಗಳ ಹೆಸರಿನಲ್ಲಿ ಆಡುವ ಮಾತುಗಳ ಬಗೆಗಿನ ನಂಬಿಕೆ ಕಡಿಮೆಯಾಯಿತು.

ಗೌರವ ಏಕೆಂದರೆ, ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯ ಇತಿಹಾಸವೇ ಗಿಡಗಳಿಂದ ಆರಂಭವಾಗುತ್ತದೆ. ಮಾರ್ಕಸ್ ಗುಗೆನ್‌ಹೈಮ್ ಎಂಬ ರಸಾಯನ ವಿಜ್ಞಾನಿ 1913ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಬಗೆಯ ದೊಡ್ಡ ಅವರೆಯಿಂದ ಲೆವೊಡೋಪವನ್ನು ಬೇರ್ಪಡಿಸಿದರು. ಎರಡೂವರೆ ಗ್ರಾಂ ತಾವೇ ನುಂಗಿ, ವಾಂತಿ ಮಾಡಿಕೊಂಡು, ಅದರಿಂದ ಅಂಥ ಉಪಯೋಗವಿಲ್ಲವೆಂದು ತಿಳಿದರು. ನಸುಗುನ್ನಿಯ ಬೀಜದಿಂದ ಅದೇ ವಸ್ತುವನ್ನು 1937ರಲ್ಲಿ ಬೇರ್ಪಡಿಸಿದವರು ಮದರಾಸು ವಿಶ್ವವಿದ್ಯಾನಿಲಯದ ದಾಮೋದರನ್ ಮತ್ತು ರಾಮಸ್ವಾಮಿ. ಇದು ನಾವು ಹೆಮ್ಮೆಪಡಬೇಕಾದ ಕೆಲಸ. ನಮ್ಮ ಸರ್ಪಗಂಧದ ಪಾತ್ರ ಇನ್ನೂ ಸ್ವಾರಸ್ಯಕರ. ಅದರ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ರಕ್ತದೊತ್ತಡದ ಔಷಧವನ್ನು ಬೇರ್ಪಡಿಸಲಾಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಪಾರ್ಕಿನ್ಸನ್ನಿನಂಥದ್ದೇ ನಡುಕ, ಬಿಗಿತ ಕಾಣಿಸಿತು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು; ಅವು ಕದಲದೆ ಬಿದ್ದುಕೊಂಡವು. ಆ ಮೊಲಗಳಿಗೆ ಲೆವೊಡೋಪ ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಈ ದಾರಿಯ ಸಂಶೋಧನೆಗಾಗಿ ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ವಿಯೆನ್ನಾದ ಹೋರ್ನಿಕೀವಿಚ್ 1960ರಲ್ಲಿ ತೀರಿಕೊಂಡ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕೊರತೆಯನ್ನು ತೋರಿಸಿದರು. ಅಮೆರಿಕದ ಜಾರ್ಜ್ ಕೋಟ್ಸಿಯಾಸ್ 1967ರಲ್ಲಿ ಬಾಯಿಯ ಮೂಲಕ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸಿ ರೋಗಿಗಳನ್ನು ನಡೆದಾಡಿಸಿದರು. ಅವರೆ, ನಸುಗುನ್ನಿ, ಸರ್ಪಗಂಧ. ಈ ಮೂರನ್ನೂ ಬಿಟ್ಟು ಪಂಡಿತರ ಮಾತ್ರೆಯ ಕಥೆಯನ್ನು ಹೇಳಲಾಗದು.

ಹಾಗಾದರೆ ಪುಡಿಯನ್ನೇ ಏಕೆ ಕೊಡಬಾರದು? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದ ವೈದ್ಯರೂ ಇದ್ದಾರೆ. ಲಂಡನ್ನಿನಲ್ಲಿ 2004ರಲ್ಲಿ ಎಂಟು ಮಂದಿ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಪ್ರಮಾಣ ನಿಶ್ಚಿತವಾಗಿದ್ದ 30 ಗ್ರಾಂ ನಸುಗುನ್ನಿ ತಯಾರಿಕೆಯು ಸುಮಾರು 35 ನಿಮಿಷಗಳಲ್ಲಿ ಕೆಲಸ ಆರಂಭಿಸಿತು. ಮಾತ್ರೆಗೆ 69 ನಿಮಿಷ ಹಿಡಿಯಿತು. ಪ್ರಭಾವವೂ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಉಳಿಯಿತು. ಮಾತ್ರೆ ಕೊಳ್ಳಲಾಗದ ಬಡ ದೇಶಗಳ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೊಲಿವಿಯಾದಲ್ಲಿ ಹದಿನೆಂಟು ಮಂದಿಗೆ ಹುರಿದ ಬೀಜದ ಪುಡಿಯನ್ನು ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಆ ಫಲಿತಾಂಶವೂ ಒಂದು ಬಾರಿಯ ಸೇವನೆಯ ಮಟ್ಟಿಗೆ ಚೆನ್ನಾಗಿಯೇ ಇತ್ತು. ಆದರೆ ಮರುವರ್ಷ ಪ್ರಕಟವಾದ, ವಾರಗಟ್ಟಲೆ ದಿನವೂ ಪುಡಿ ಕೊಟ್ಟ ಪ್ರಯೋಗದಲ್ಲಿ, ಹದಿನಾಲ್ಕು ಮಂದಿಯಲ್ಲಿ ಏಳು ಮಂದಿ ಹೊಟ್ಟೆಯ ತೊಂದರೆಯಿಂದಲೋ ಚಲನೆ ಹದಗೆಟ್ಟದ್ದರಿಂದಲೋ ಪುಡಿಯನ್ನು ಬಿಡಬೇಕಾಯಿತು. ಇದಕ್ಕೆ ಒಂದು ಕಾರಣ ಊಹಿಸುವುದು ಕಷ್ಟವಲ್ಲ. ಮಾತ್ರೆಯಲ್ಲಿ ಲೆವೊಡೋಪದ ಜೊತೆಗೆ ಕಾರ್ಬಿಡೋಪ ಎಂಬ ಸಂಗಾತಿಯನ್ನು ಸೇರಿಸಿರುತ್ತಾರೆ. ಲೆವೊಡೋಪ ಮಿದುಳನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಡೋಪಮಿನ್ ಆಗಿ ಮಾರ್ಪಟ್ಟು ವಾಂತಿ ತರದಂತೆ ಅದು ತಡೆಯುತ್ತದೆ. ಬೀಜದಲ್ಲಿ ಆ ಸಂಗಾತಿಯಿಲ್ಲ.

ಇನ್ನು ಅಳತೆಯ ಮಾತು. ಬೀಜದಲ್ಲಿ ಲೆವೊಡೋಪದ ಪಾಲು ಸಾಮಾನ್ಯವಾಗಿ ನೂರಕ್ಕೆ 3ರಿಂದ 6ರಷ್ಟೆಂದು ಹೇಳುತ್ತಾರೆ. ತಳಿ, ಮಣ್ಣು, ಹುರಿಯುವ ರೀತಿಗಳಿಂದ ಅದು ಬದಲಾಗುತ್ತದೆ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹದಿನಾರು ನಸುಗುನ್ನಿ ತಯಾರಿಕೆಗಳನ್ನು ಪರೀಕ್ಷಿಸಿ 2022ರಲ್ಲಿ ಒಂದು ವರದಿ ಬಂತು. ಒಂದು ಬಾರಿಯ ಸೇವನೆಯಲ್ಲಿ ಲೆವೊಡೋಪ ಕೆಲವದರಲ್ಲಿ 2 ಮಿಲಿಗ್ರಾಂನಷ್ಟು ಕಡಿಮೆ, ಕೆಲವದರಲ್ಲಿ 241 ಮಿಲಿಗ್ರಾಂನಷ್ಟು ಹೆಚ್ಚು! ಎರಡು ಮಿಲಿಗ್ರಾಂ ತೆಗೆದುಕೊಂಡವನು ನಮ್ಮ ಪಂಡಿತರಂತೆ ಬಿಗಿದುಹೋದಾನು. ಮಾತ್ರೆಯ ಜೊತೆಗೆ ಇನ್ನೂ ಇನ್ನೂರನಲವತ್ತು ಸೇರಿಸಿಕೊಂಡವನಿಗೆ ಮೈ ತಾನಾಗಿ ಹೊರಳಾಡಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಎದ್ದು ನಿಂತರೆ ರಕ್ತದೊತ್ತಡ ಇಳಿದು ಬೀಳಬಹುದು.

ಇದುವರೆಗೆ ಹೇಳಿದ್ದು ಲಕ್ಷಣಗಳ ಉಪಶಮನದ ವಿಷಯ. ರಕ್ಷಣೆಯ ವಿಷಯ ಬೇರೆಯೇ ಆಗಿದೆ. ಈ ಎರಡನ್ನೂ ಒಂದೆಂದು ತಿಳಿದದ್ದೇ ನನ್ನ ಮೂಲ ತಪ್ಪು. ದೇವರ ಮುಂದಿನ ದೀಪವನ್ನು ನೆನೆಯಿರಿ. ಎಣ್ಣೆ ಕಡಿಮೆಯಾದಾಗ ಎಣ್ಣೆ ಎರೆದರೆ ದೀಪ ಬೆಳಗುತ್ತದೆ. ಆದರೆ ಬತ್ತಿ ಸುಟ್ಟುಹೋಗುವುದು ಅದರಿಂದ ನಿಲ್ಲುವುದಿಲ್ಲ. ಲೆವೊಡೋಪ ಎಣ್ಣೆಯಂತೆ, ಅದು ಮಾತ್ರೆಯಿಂದ ಬಂದರೂ ಅಷ್ಟೇ, ಬೀಜದಿಂದ ಬಂದರೂ ಅಷ್ಟೇ. ಇದನ್ನು ನೆದರ್‌ಲೆಂಡ್ಸಿನಲ್ಲಿ 445 ರೋಗಿಗಳ ಮೇಲೆ ಪರೀಕ್ಷಿಸಿದರು. ಒಂದು ಗುಂಪಿಗೆ ಮೊದಲಿನಿಂದಲೇ 80 ವಾರ ಲೆವೊಡೋಪ, ಇನ್ನೊಂದು ಗುಂಪಿಗೆ ಮೊದಲ 40 ವಾರ ಔಷಧವಿಲ್ಲದ ಹುಸಿಮಾತ್ರೆ, ಅನಂತರ 40 ವಾರ ಲೆವೊಡೋಪ. ಔಷಧವು ಕೋಶಗಳನ್ನು ಕಾಪಾಡುವಂಥದ್ದಾಗಿದ್ದರೆ ಮೊದಲ ಗುಂಪು ಕೊನೆಯಲ್ಲಿ ಮುಂದಿರಬೇಕಾಗಿತ್ತು. 2019ರಲ್ಲಿ ಬಂದ ಫಲಿತಾಂಶದಂತೆ ಎರಡೂ ಗುಂಪುಗಳು ಒಂದೇ ಮಟ್ಟದಲ್ಲಿದ್ದವು. ಔಷಧವು ಹಾನಿಯನ್ನೂ ಮಾಡಿರಲಿಲ್ಲ, ರಕ್ಷಣೆಯನ್ನೂ ಕೊಟ್ಟಿರಲಿಲ್ಲ.

ಬೀಜದಲ್ಲಿ ಬೇರೆ ಸತ್ವಗಳೂ ಇವೆ, ಬ್ರಾಹ್ಮಿಯಲ್ಲಿದೆ, ಅರಿಸಿನದಲ್ಲಿದೆ, ಅವು ಕಾಪಾಡಬಾರದೇ ಎಂದು ನೀವು ಕೇಳಬಹುದು. ಕಾಪಾಡಬಹುದೆಂಬ ಭರವಸೆಯಿಂದಲೇ ಅನೇಕ ಪ್ರಯೋಗಾಲಯಗಳು ದುಡಿಯುತ್ತಿವೆ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ನೀರುಬ್ರಾಹ್ಮಿಯ ಸಾರವನ್ನು ಹಣ್ಣಿನ ನೊಣಗಳಿಗೆ ತಿನ್ನಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಟೆನೋನ್ ಎಂಬ ವಿಷವನ್ನು ತಿಂದ ನೊಣಗಳು ಮೇಲಕ್ಕೆ ಹತ್ತಲಾರದೆ ಸೋಲುತ್ತವೆ. ಬ್ರಾಹ್ಮಿಯ ಸಾರ ಸಿಕ್ಕಿದ ನೊಣಗಳಲ್ಲಿ ಹಾನಿ ಕಡಿಮೆಯಾಗಿತ್ತು. ಬಹಳ ಶ್ರದ್ಧೆಯ ಕೆಲಸ. ಅಶ್ವಗಂಧ, ಹಸಿರು ಚಹಾ, ಅರಿಸಿನಗಳ ಬಗ್ಗೆ ಇಲಿಗಳ ಮೇಲೂ ಇಂಥ ಪ್ರಯೋಗಗಳು ಹಲವು ನಡೆದಿವೆ.

ಆದರೆ ನೊಣದಿಂದ ಮನುಷ್ಯನವರೆಗಿನ ದಾರಿ ದೂರ. ಪ್ರಯೋಗದ ಪ್ರಾಣಿಗೆ ವಿಷ ಕೊಡುವ ದಿನ ವಿಜ್ಞಾನಿಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಮುಂಚಿತವಾಗಿಯೋ ಜೊತೆಯಲ್ಲಿಯೋ ಸಸ್ಯಸಾರವನ್ನು ಕೊಡುತ್ತಾನೆ. ಮನುಷ್ಯನಾದರೋ ಬಹುಪಾಲು ಕೋಶಗಳನ್ನು ಕಳೆದುಕೊಂಡ ಮೇಲೆ ವೈದ್ಯರ ಬಾಗಿಲಿಗೆ ಬರುತ್ತಾನೆ. ನೊಣದ ಕಾಯಿಲೆ ಕೆಲವು ದಿನಗಳದ್ದು, ಮನುಷ್ಯನದ್ದು ಹಲವು ವರ್ಷಗಳದ್ದು. ನುಂಗಿದ ಸಾರದ ಎಷ್ಟು ಅಂಶ ರಕ್ತಕ್ಕೆ ಸೇರಿ, ರಕ್ತದಿಂದ ಮಿದುಳಿನ ಬಿಗಿ ಕಾವಲನ್ನು ದಾಟುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಅರಿಸಿನದ ಸತ್ವವಂತೂ ರಕ್ತಕ್ಕೆ ಸೇರುವುದೇ ಅತ್ಯಲ್ಪ.

ಮನುಷ್ಯರಲ್ಲಿ ಪರೀಕ್ಷಿಸಿದಾಗ ಏನಾಯಿತೆಂಬುದಕ್ಕೆ ನಿದರ್ಶನಗಳಿವೆ. ನಮಗೆಲ್ಲ ಪ್ರಿಯವಾದ ಕಾಫಿಯನ್ನೇ ತೆಗೆದುಕೊಳ್ಳಿ. ಹವಾಯಿ ದ್ವೀಪದ ಎಂಟು ಸಾವಿರ ಜಪಾನಿ ಮೂಲದ ಗಂಡಸರನ್ನು ದಶಕಗಳ ಕಾಲ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಾಫಿ ಹೆಚ್ಚು ಕುಡಿಯುವವರಲ್ಲಿ ಪಾರ್ಕಿನ್ಸನ್ ಕಾಯಿಲೆ ಬಹಳ ಕಡಿಮೆ ಕಂಡುಬಂದಿತ್ತು. ಹಾಗೆಂದು ರೋಗಿಗಳಿಗೇ ಕೆಫೀನ್ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ 121 ಮಂದಿಯ ಪ್ರಯೋಗದಲ್ಲಿ ಚಲನೆಯ ತೊಂದರೆಗಳು ಸುಧಾರಿಸಲಿಲ್ಲ. ಹೊಗೆಸೊಪ್ಪಿನದೂ ಅದೇ ಕಥೆ. ಧೂಮಪಾನಿಗಳಲ್ಲಿ ಈ ಕಾಯಿಲೆ ಕಡಿಮೆಯೆಂದು ಕಂಡದ್ದರಿಂದ ನಿಕೋಟಿನ್ ಪಟ್ಟಿಯನ್ನು 163 ರೋಗಿಗಳ ಮೇಲೆ ಪರೀಕ್ಷಿಸಿದರು. ಕಾಯಿಲೆಯ ಓಟ ನಿಧಾನವಾಗಲಿಲ್ಲವೆಂದು 2023ರಲ್ಲಿ ವರದಿಯಾಯಿತು. ಪಾರ್ಕಿನ್ಸನ್ನಿಗೆ ಹತ್ತಿರದ ಇನ್ನೊಂದು ಕಾಯಿಲೆಯಲ್ಲಿ ಹಸಿರು ಚಹಾದ ಸತ್ವವನ್ನು ಜರ್ಮನಿಯಲ್ಲಿ ಪರೀಕ್ಷಿಸಿದಾಗ ರಕ್ಷಣೆ ದೊರೆಯಲಿಲ್ಲ. ಬದಲಾಗಿ ಕೆಲವರ ಯಕೃತ್ತಿಗೆ ತೊಂದರೆಯಾಯಿತು. ಇಂದಿನವರೆಗೆ ಈ ಕಾಯಿಲೆಯಲ್ಲಿ ನರಕೋಶಗಳ ನಾಶವನ್ನು ತಡೆಯುತ್ತದೆಂದು ಮನುಷ್ಯರಲ್ಲಿ ಸಾಬೀತಾದ ಔಷಧ ಯಾವುದೂ ಇಲ್ಲ, ಗಿಡದ್ದೂ ಇಲ್ಲ, ಕಾರ್ಖಾನೆಯದ್ದೂ ಇಲ್ಲ.

"ಗಿಡದ್ದು ತಾನೇ, ಒಳ್ಳೆಯದಾಗದಿದ್ದರೂ ಕೆಟ್ಟದ್ದಾಗುವುದಿಲ್ಲ" ಎಂಬ ಮಾತನ್ನು ನಾನೂ ಆಡಿದವನೇ. ಆದರೆ ಮೈಸೂರಿನ ನೊಣಗಳಿಗೆ ಪಾರ್ಕಿನ್ಸನ್ ತರಿಸಿದ ಆ ರೋಟೆನೋನ್ ಯಾವುದು? ಮೀನು ಹಿಡಿಯಲು ಬಳಸುತ್ತಿದ್ದ ಕೆಲವು ಗಿಡಗಳ ಬೇರಿನ ವಿಷ. ಅದೂ ಸಸ್ಯಸಾರವೇ! ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಮಾತ್ರೆಗೆ ಬಗ್ಗದ ಒಂದು ಬಗೆಯ ಪಾರ್ಕಿನ್ಸನ್ ಹೆಚ್ಚಾಗಿ ಕಂಡುಬಂದಾಗ, ಅಲ್ಲಿನವರು ತಿನ್ನುವ ಲಕ್ಷ್ಮಣಫಲಕ್ಕೂ ಅದರ ಎಲೆಯ ಕಷಾಯಕ್ಕೂ ಅದರೊಡನೆ ಸಂಬಂಧವಿರಬಹುದೆಂದು 1999ರಲ್ಲಿ ವೈದ್ಯರು ಎಚ್ಚರಿಸಿದರು. ಆ ಹಣ್ಣಿನಲ್ಲಿರುವ ಅನೊನಾಸಿನ್ ಎಂಬ ವಸ್ತುವು ಪ್ರಯೋಗಾಲಯದಲ್ಲಿ ನರಕೋಶಗಳನ್ನು ಕೊಲ್ಲುತ್ತದೆ. ಇಂದು ನಮ್ಮಲ್ಲಿ ಅದೇ ಲಕ್ಷ್ಮಣಫಲದ ಎಲೆಯನ್ನು ಅರ್ಬುದ ರೋಗಕ್ಕೆ ರಾಮಬಾಣವೆಂದು ಕುದಿಸಿ ಕುಡಿಯುವವರಿದ್ದಾರೆ. ಒಮ್ಮೆ ಹಣ್ಣು ತಿಂದರೆ ಏನೂ ಆಗದು. ಆದರೆ ವರ್ಷಗಟ್ಟಲೆ ಕಷಾಯ ಕುಡಿಯುವವರು ಯೋಚಿಸಬೇಕು.

ಈ ವಿಷಯದಲ್ಲಿ ನನ್ನ ಮಿತ್ರರು ಎರಡು ಪಂಗಡವಾಗಿದ್ದಾರೆ. ಒಂದು ಪಂಗಡದವರಿಗೆ ಋಷಿಗಳು ಹೇಳಿದ್ದನ್ನು ಪರೀಕ್ಷಿಸುವುದೇ ಅಪಚಾರ. ಇನ್ನೊಂದು ಪಂಗಡದವರಿಗೆ ಗಿಡಮೂಲಿಕೆಯ ಹೆಸರೆತ್ತಿದರೇ ನಗು. ಮೊದಲಿನವರಿಗೆ ನಾನು ಹೇಳುವುದಿಷ್ಟು: ಮದರಾಸಿನ ಇಬ್ಬರು 1937ರಲ್ಲಿ ಬೀಜವನ್ನು ಪೂಜಿಸಿ ಸುಮ್ಮನಾಗಲಿಲ್ಲ, ಅದನ್ನು ಒಡೆದು ಒಳಗೇನಿದೆಯೆಂದು ನೋಡಿದರು, ಆದ್ದರಿಂದಲೇ ಅದರ ಬೆಲೆ ಲೋಕಕ್ಕೆ ತಿಳಿಯಿತು. ಎರಡನೆಯವರಿಗೆ: ನೀವು ನುಂಗುವ ಮಾತ್ರೆಯ ತವರೂ ಒಂದು ಬಳ್ಳಿಯೇ. ನಗುವ ಬದಲು ಇನ್ನಷ್ಟು ಪ್ರಯೋಗಗಳಾಗಲಿ ಎಂದು ಒತ್ತಾಯಿಸಿ.

ನನ್ನ ಒತ್ತಾಯಗಳು ಮೂರು. ನಸುಗುನ್ನಿಯಿಂದ ಮಾಡಿದ ಯಾವ ತಯಾರಿಕೆಯೇ ಆಗಲಿ, ಒಂದು ಸೇವನೆಯಲ್ಲಿ ಲೆವೊಡೋಪ ಎಷ್ಟು ಮಿಲಿಗ್ರಾಂ ಇದೆಯೆಂದು ಡಬ್ಬಿಯ ಮೇಲೆ ಮುದ್ರಿಸುವುದು ಕಡ್ಡಾಯವಾಗಬೇಕು. ಅದು ಲೆವೊಡೋಪವೇ ಆಗಿರುವಾಗ ಗಿಡದ ಹೆಸರಿನಲ್ಲಿ ಅಳತೆಯಿಂದ ವಿನಾಯಿತಿ ಏಕೆ? ಎರಡನೆಯದು, ಆಯುರ್ವೇದ ವೈದ್ಯರೂ ನರರೋಗ ತಜ್ಞರೂ ಒಂದೇ ಆಸ್ಪತ್ರೆಯಲ್ಲಿ ಕುಳಿತು, ಹುಸಿಮಾತ್ರೆಯೊಡನೆ ಹೋಲಿಸಿ, ದೊಡ್ಡ ಸಂಖ್ಯೆಯಲ್ಲಿ, ವರ್ಷಗಟ್ಟಲೆ ನಡೆಸುವ ಪ್ರಯೋಗಗಳಿಗೆ ಸರ್ಕಾರ ಹಣ ಕೊಡಬೇಕು. ಕೇಂದ್ರದಲ್ಲಿ 2014ರಿಂದ ಆಯುಷ್‌ಗೆಂದೇ ಪ್ರತ್ಯೇಕ ಸಚಿವಾಲಯವಿದೆ. ಅದಕ್ಕೆ ಇದಕ್ಕಿಂತ ಉತ್ತಮ ಕೆಲಸ ಯಾವುದಿದೆ? ಮೂರನೆಯದು ಪತ್ರಿಕೆಗಳಿಗೆ. "ಪಾರ್ಕಿನ್ಸನ್ನಿಗೆ ಬ್ರಾಹ್ಮಿ ಮದ್ದು" ಎಂದು ಅಚ್ಚು ಹಾಕುವ ಮುನ್ನ ಅದರ ಪಕ್ಕದಲ್ಲಿ "ನೊಣಗಳಲ್ಲಿ" ಎಂಬ ಒಂದು ಪದವನ್ನು ಸೇರಿಸಿ. ಆ ಒಂದು ಪದವಿಲ್ಲದ್ದರಿಂದ ಯಾರದೋ ಮನೆಯಲ್ಲಿ ಮಾತ್ರೆ ನಿಂತುಹೋಗುತ್ತದೆ.

"ಭರವಸೆಯನ್ನು ಕಿತ್ತುಕೊಳ್ಳಬೇಡಿ" ಎಂದು ಕೆಲವರು ಹೇಳುತ್ತಾರೆ. ಗುಣವಾಗದ ಕಾಯಿಲೆಯವರಿಗೆ ಭರವಸೆ ಅನ್ನದಷ್ಟೇ ಅವಶ್ಯಕವೆಂಬುದನ್ನು ಪಂಡಿತರ ಮನೆಯಲ್ಲಿ ಕಂಡಿದ್ದೇನೆ. ಆದರೆ ಭರವಸೆಗೆ ಬೇರೆ ನೆಲೆಗಳೂ ಇವೆ. ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಂಡರೆ ಅದರ ಕೆಲಸ ಉತ್ತಮವಾಗುತ್ತದೆ. ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನು ಲೆವೊಡೋಪ ಹೀರಿಕೆಯಾಗುವುದಕ್ಕೆ ಅಡ್ಡಬರುತ್ತದೆ. ಆದ್ದರಿಂದ ಊಟಕ್ಕೂ ಮಾತ್ರೆಗೂ ಎಷ್ಟು ಅಂತರವಿರಬೇಕೆಂದು ವೈದ್ಯರನ್ನು ಕೇಳಬೇಕು. ದಿನವೂ ಬೆವರುವಷ್ಟು ನಡಿಗೆ, ವ್ಯಾಯಾಮ ಮಾಡಿದವರ ಚಲನೆ ಸುಧಾರಿಸುತ್ತದೆ. ಗಿಡದ ಪುಡಿ ತೆಗೆದುಕೊಳ್ಳಲೇಬೇಕೆಂಬ ಮನಸ್ಸಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಹಠಾತ್ತನೆ ಮಾತ್ರೆಯನ್ನಂತೂ ಎಂದಿಗೂ ಬಿಡಬೇಡಿ. ಯಾರಾದರೂ "ಇದು ನರವನ್ನು ರಕ್ಷಿಸುತ್ತದೆ" ಎಂದರೆ ಅವರಿಗೆ ಈ ಪ್ರಶ್ನೆಗಳನ್ನು ಹಾಕಿ: ಯಾರಲ್ಲಿ ಪರೀಕ್ಷಿಸಿದ್ದು, ನೊಣದಲ್ಲೋ ಮನುಷ್ಯರಲ್ಲೋ? ಎಷ್ಟು ಮಂದಿಯಲ್ಲಿ, ಎಷ್ಟು ಕಾಲ? ಕಾಯಿಲೆ ನಿಧಾನವಾಯಿತೋ, ನಡುಕ ಮಾತ್ರ ತಗ್ಗಿತೋ?

ಪಂಡಿತರು ಆಸ್ಪತ್ರೆಯಿಂದ ಹದಿನೈದು ದಿನಗಳ ಮೇಲೆ ಮನೆಗೆ ಬಂದರು. ಮಾತ್ರೆ ಮತ್ತೆ ಆರಂಭವಾಯಿತು. ಆದರೆ ಮುರಿದ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ಆ ಕೈ ಮತ್ತೆ ಹೆಚ್ಚು ಬರೆಯಲಿಲ್ಲ. ಅವರ ಮುಂದೆ ಹೋಗಿ ಕುಳಿತುಕೊಳ್ಳಲು ನನಗೆ ಎರಡು ತಿಂಗಳು ಧೈರ್ಯವಾಗಲಿಲ್ಲ. ಕೊನೆಗೆ ಹೋದಾಗ ಅವರೇ ಮೆಲ್ಲನೆಯ ದನಿಯಲ್ಲಿ, "ಮೇಷ್ಟ್ರೇ, ಆತ್ಮಗುಪ್ತಾ ಎಂದರೆ ತನ್ನನ್ನು ಕಾಪಾಡಿಕೊಳ್ಳುವುದು ಎಂದಿದ್ದೆನಲ್ಲ. ನಮ್ಮನ್ನು ಕಾಪಾಡುತ್ತದೆಂದು ನಾನು ಹೇಳಿರಲಿಲ್ಲ" ಎಂದು ನಗಲು ಪ್ರಯತ್ನಿಸಿದರು. ಮುಖ ನಗಲಿಲ್ಲ, ಕಣ್ಣು ನಕ್ಕಿತು. ಅವರು ತೀರಿಕೊಂಡದ್ದು 2016ರಲ್ಲಿ. ಮುರಿಯುವ ಮುನ್ನ ಆ ಕೈ ನನಗೆ ಬರೆದ ಯುಗಾದಿಯ ಶುಭಾಶಯ ಪತ್ರವೊಂದು ಇಂದಿಗೂ ನನ್ನ ಬಳಿಯಿದೆ. ಭೂತಗನ್ನಡಿಯಿಲ್ಲದೆ ಅದನ್ನು ಓದಲಾಗುವುದಿಲ್ಲ. ಆದರೆ ಒಂದೊಂದು ಅಕ್ಷರವೂ ಹಳೆಯ ಕರಿಹಲಗೆಯ ಮೇಲಿನಂತೆಯೇ ದುಂಡಾಗಿದೆ.

ಹಳೆಯ ವಿದ್ಯಾರ್ಥಿಗೆ ಇದಿಷ್ಟನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾಳೆಯೇ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೇಳುತ್ತೇನೆ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸುವುದಿಲ್ಲ" ಎಂದ. ನನಗೆ ಅಷ್ಟು ಸಾಕು. ನಿಮ್ಮ ಮನೆಯಲ್ಲಿಯೂ ಇಂಥ ಹಿರಿಯರಿದ್ದರೆ, ದಯವಿಟ್ಟು ನೀವೂ ಹಾಗೆಯೇ ಮಾಡಿ.